ಸೊಪ್ಪಿನ ರಸಕ್ಕೆ ಕರಗದ ಕಲ್ಲು: ಹರಿಹರದಿಂದ ಕುಸ್ಕೊವರೆಗೆ

ಹರಿಹರದ ಹರಿಹರೇಶ್ವರ ದೇವಸ್ಥಾನ ಪೆರು ದೇಶದಲ್ಲಿ ಇಂಕಾಗಳು ಕಟ್ಟಿದ ಮಾಚು ಪಿಚುಗಿಂತ ಸುಮಾರು ಎರಡು ಶತಮಾನ ಹಿರಿಯದು. ಈ ಮಾತನ್ನು ಒಂದೇ ಏಟಿಗೆ ಒಪ್ಪುವವರು ಕಡಿಮೆ. ಇಂಕಾ ಎಂದ ಕೂಡಲೇ ನಮ್ಮ ಕಣ್ಣೆದುರು ಬರುವುದು ಮಂಜು ಮುಸುಕಿದ ಬೆಟ್ಟ, ದೈತ್ಯ ಬಂಡೆಗಳು, 'ಸಾವಿರಾರು ವರ್ಷಗಳ ಹಿಂದೆ' ಎಂಬ ಒಕ್ಕಣೆ. ದಾವಣಗೆರೆಯಿಂದ ಬಸ್ಸು ಹತ್ತಿದರೆ ಅರ್ಧ ಗಂಟೆಯಲ್ಲಿ ಸಿಗುವ ಗುಡಿ ಮಾತ್ರ ನಮಗೆ 'ಹಳೇ ದೇವಸ್ಥಾನ', ಅಷ್ಟೆ.

ಲೆಕ್ಕ ಸರಳವಾಗಿದೆ. ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಹರಿಹರದ ಗುಡಿ ಕಟ್ಟಿಸಿದ್ದು 1223–24ರಲ್ಲಿ. 1268ರಲ್ಲಿ ಮುಮ್ಮಡಿ ನರಸಿಂಹನ ದಂಡನಾಯಕ ಸೋಮ ಅದಕ್ಕೆ ಇನ್ನಷ್ಟು ಸೇರಿಸಿದ. ಮಾಚು ಪಿಚು ಎದ್ದದ್ದು 15ನೇ ಶತಮಾನದಲ್ಲಿ. ಅಂದರೆ ಇಂಕಾ ಅರಸರು ಹೊಯ್ಸಳರಿಗಿಂತ ಈಚಿನವರು, ನಮ್ಮ ವಿಜಯನಗರದ ಓರಗೆಯವರು. ಹಂಪಿಯಲ್ಲಿ ಕೃಷ್ಣದೇವರಾಯ ಆಳುತ್ತಿದ್ದಾಗಲೇ ಪೆರುವಿನಲ್ಲಿ ಇಂಕಾ ಅರಸ ವಾಯ್ನಾ ಕಪಾಕ್ ಆಳುತ್ತಿದ್ದ. 1532ರಲ್ಲಿ ಸ್ಪೇನಿನವರು ಬಂದಿಳಿದಾಗ ಆ ಸಾಮ್ರಾಜ್ಯಕ್ಕೆ ಇನ್ನೂ ನೂರು ವರ್ಷ ತುಂಬಿತ್ತೋ ಇಲ್ಲವೋ.

ಕಾಲ ಗೊತ್ತಿಲ್ಲದಿದ್ದರೆ ಕೆಲಸ ಪವಾಡವಾಗಿ ಕಾಣುತ್ತದೆ. ಅಲ್ಲೂ ಇಲ್ಲೂ ಹುಟ್ಟಿಕೊಂಡಿರುವ ತಪ್ಪು ನಂಬಿಕೆಗಳ ಬೇರು ಇರುವುದು ಇಲ್ಲೇ.

"ಇದು ಗುಹಾಸುರನ ಕಾಲದ ಗುಡಿ"

ಹರಿಯಿಂದಲೂ ಹರನಿಂದಲೂ ಸಾವು ಬರಬಾರದೆಂದು ಬ್ರಹ್ಮನಿಂದ ವರ ಪಡೆದ ಗುಹಾಸುರ, ಅವನನ್ನು ಮುಗಿಸಲು ಇಬ್ಬರೂ ಒಂದೇ ಮೈಯಾಗಿ ಬಂದದ್ದು, ಈ ಸ್ಥಳಪುರಾಣ ಹರಿಹರದವರಿಗೆ ಬಾಯಿಪಾಠ. ಕಥೆಯನ್ನು ಕಥೆಯಾಗಿ ಕೇಳೋಣ. ಕಟ್ಟಡದ ವಯಸ್ಸನ್ನು ಹೇಳಬೇಕಾದದ್ದು ಶಾಸನ. ಇನ್ನು ಕೆಲವರು ಎದುರು ದಿಕ್ಕಿಗೆ ಹೋಗಿ, ಶೈವ ವೈಷ್ಣವರ ಜಗಳ ಬಿಡಿಸಲು ಹೊಯ್ಸಳರೇ ಈ ಜೋಡಿ ದೇವರನ್ನು ಹುಟ್ಟುಹಾಕಿದರು ಎನ್ನುತ್ತಾರೆ. ಅದೂ ಸರಿಯಲ್ಲ. ಬಾದಾಮಿಯ ಗುಹೆಗಳಲ್ಲಿ ಹರಿಹರನ ದೊಡ್ಡ ಉಬ್ಬುಶಿಲ್ಪಗಳಿವೆ, ಅಲ್ಲಿನ ಮೂರನೇ ಗುಹೆಯ ಶಾಸನದ ಕಾಲ 578. ಪೋಲಾಳ್ವನ ಶಿಲ್ಪಿಗಳು ಹುಟ್ಟುವ ಆರು ಶತಮಾನ ಮೊದಲೇ ಬಲಕ್ಕೆ ಶಿವ, ಎಡಕ್ಕೆ ವಿಷ್ಣು ಎಂಬ ಈ ರೂಪ ಕನ್ನಡ ನೆಲದ ಕಲ್ಲಿನಲ್ಲಿ ಗಟ್ಟಿಯಾಗಿ ನಿಂತಿತ್ತು.

"ಸೊಪ್ಪಿನ ರಸ ಹಚ್ಚಿ ಕಲ್ಲು ಮೆತ್ತಗೆ ಮಾಡ್ತಿದ್ರಂತೆ"

ಹೊಯ್ಸಳರ ಯಾವ ಗುಡಿಯ ಅಂಗಳದಲ್ಲಿ ನಿಂತರೂ ಯಾರಾದರೂ ಒಬ್ಬರು ಇದನ್ನು ಹೇಳಿಯೇ ಹೇಳುತ್ತಾರೆ. ಸೋಜಿಗವೆಂದರೆ ಇದೇ ಕಥೆ ಪೆರುವಿನಲ್ಲೂ ಇದೆ. ಅಲ್ಲಿ ಒಂದು ಹಕ್ಕಿ ಕೊಕ್ಕಿನಲ್ಲಿ ಎಲೆ ಕಚ್ಚಿ ತಂದು ಬಂಡೆಗೆ ಉಜ್ಜಿ ಗೂಡು ಕೊರೆಯುತ್ತದಂತೆ, ಇಂಕಾಗಳಿಗೂ ಆ ಗಿಡದ ಗುಟ್ಟು ಗೊತ್ತಿತ್ತಂತೆ. 1925ರಲ್ಲಿ ಅಮೆಜಾನ್ ಕಾಡಿನಲ್ಲಿ ಕಣ್ಮರೆಯಾದ ಕರ್ನಲ್ ಪರ್ಸಿ ಫಾಸೆಟ್‌ನ ಬರಹಗಳು ಈ ಸುದ್ದಿಯನ್ನು ಜಗತ್ತಿಗೆಲ್ಲ ಹಂಚಿದವು. ಆ ಗಿಡವನ್ನು ಇಂದಿನವರೆಗೆ ಯಾರೂ ತಂದು ತೋರಿಸಿಲ್ಲ.

ತೋರಿಸಿರುವುದು ಬೇರೆಯದು. 1980ರ ದಶಕದಲ್ಲಿ ಜಾನ್ ಪಿಯರ್ ಪ್ರೊಟ್ಜೆನ್ ಎಂಬ ವಾಸ್ತುಶಾಸ್ತ್ರದ ಪ್ರಾಧ್ಯಾಪಕರು ಇಂಕಾಗಳ ರಾಜಧಾನಿಯಾಗಿದ್ದ ಕುಸ್ಕೊ ಬಳಿಯ ರುಮಿಕೋಲ್ಕಾ ಕಲ್ಲುಗಣಿಗೆ ಹೋದರು. ಇಂಕಾ ಕಲ್ಲುಕುಟಿಗರು ಬಿಟ್ಟುಹೋದ ಗುಂಡುಕಲ್ಲುಗಳು ಅಲ್ಲಿ ಬಿದ್ದಿದ್ದವು. ಹೊಳೆಯಲ್ಲಿ ಉರುಳಿ ನುಣುಪಾದ, ಕಟ್ಟಡದ ಆಂಡಿಸೈಟ್ ಕಲ್ಲಿಗಿಂತ ಗಟ್ಟಿಯಾದ ಕ್ವಾರ್ಟ್ಜೈಟ್ ಕಲ್ಲುಗಳವು. ಸುಮಾರು ನಾಲ್ಕು ಕಿಲೋದ ಅಂಥ ಒಂದು ಕಲ್ಲನ್ನು ಹಿಡಿದು ಅವರು ತಾವೇ ಬಡಿಯತೊಡಗಿದರು. ಒಂದೂವರೆ ಗಂಟೆಯಲ್ಲಿ ಚಿಕ್ಕದೊಂದು ಬಂಡೆಯ ಮೂರು ಮುಖ ಸಮವಾದವು. ಕಬ್ಬಿಣ ಬೇಕಾಗಲಿಲ್ಲ, ಸೊಪ್ಪೂ ಬೇಕಾಗಲಿಲ್ಲ. ಮುಖದ ನಡುವೆ ದೊಡ್ಡ ಗುಳಿ, ಅಂಚಿಗೆ ಬಂದಂತೆ ಸಣ್ಣ ಗುಳಿ: ಅವರ ಕಲ್ಲಿನ ಮೇಲೆ ಮೂಡಿದ ಈ ಗುರುತೇ ಕುಸ್ಕೊದ ಗೋಡೆಗಳ ಮೇಲೂ ಇದೆ. ಕರಗಿಸಿ ಹೊಯ್ದ ಕಲ್ಲಿಗೆ ಏಟಿನ ಗುರುತು ಎಲ್ಲಿಂದ ಬರಬೇಕು?

ಅಲ್ಲಿನ ಗೋಡೆಗಳ ಬಗ್ಗೆ ಇನ್ನೊಂದು ಮಾತಿದೆ, ಸಂದಿನಲ್ಲಿ ಚಾಕು ತೂರುವುದಿಲ್ಲ ಎಂದು. ಹೊರಮುಖದ ಮಟ್ಟಿಗೆ ಅದು ನಿಜ. ಆದರೆ ಎಷ್ಟೋ ಕಡೆ ಅಕ್ಕಪಕ್ಕದ ಕಲ್ಲುಗಳು ಬಿಗಿಯಾಗಿ ಕೂಡಿರುವುದು ಮುಂದಿನ ಕೆಲವೇ ಸೆಂಟಿಮೀಟರ್‌ನಷ್ಟು, ಹಿಂದಿನ ಪೊಳ್ಳಿಗೆ ಜಲ್ಲಿ ತುಂಬಿದ್ದಾರೆ. ಕಾಣುವ ಕಡೆ ಜೀವ ತೇದು, ಕಾಣದ ಕಡೆ ಕೈ ಉಳಿಸಿಕೊಂಡಿದ್ದಾರೆ. ಇದು ಮೋಸವಲ್ಲ, ಕಸುಬು ಬಲ್ಲವನ ಲೆಕ್ಕಾಚಾರ.

ಹರಿಹರದ ಕಡೆ ಗುಟ್ಟು ಇನ್ನೂ ಸರಳ. ಹೊಯ್ಸಳರು ಬಳಸಿದ್ದು ಬಳಪದ ಕಲ್ಲು. ಗ್ರಾನೈಟಿನ ಜೊತೆ ಗುದ್ದಾಡುವ ಬದಲು ಸುಲಭವಾಗಿ ಉಳಿಗೆ ಬಗ್ಗುವ ಕಲ್ಲನ್ನೇ ಅವರು ಆರಿಸಿಕೊಂಡರು. 'ಗಾಳಿ ತಾಗಿದ ಮೇಲೆ ಅದು ಕಬ್ಬಿಣದಂತಾಗುತ್ತದೆ' ಎಂದು ಗೈಡುಗಳು ಸೇರಿಸುವ ಬಾಲ ಮಾತ್ರ ಅತಿಯಾಯಿತು. ಗಣಿಯಿಂದ ಆಗತಾನೇ ಎದ್ದ ಕಲ್ಲಿನ ತೇವ ಆರಿದರೆ ಉಳಿ ಓಡುವುದು ಕೊಂಚ ಬಿಗಿಯಾಗಬಹುದು, ಕಲ್ಲಿನೊಳಗಿನ ಖನಿಜವೇನೂ ಬದಲಾಗುವುದಿಲ್ಲ. ಪುರಾವೆ ಬೇಕಿದ್ದರೆ ಇಂಥ ಗುಡಿಗಳಲ್ಲಿ ಪ್ರವಾಸಿ ಪ್ರೇಮಿಗಳು ಕೀಲಿಕೈಯಿಂದ ಗೀಚಿರುವ ಹೆಸರುಗಳನ್ನು ನೋಡಿ. ಎಂಟು ಶತಮಾನ ಗಾಳಿ ಕುಡಿದ ಮೇಲೂ ಕಲ್ಲು ಅಷ್ಟು ಮೆದುವಾಗಿಯೇ ಇದೆ. ಅದನ್ನು ಮುಟ್ಟದೆ ನೋಡಬೇಕಾದ ಕಾರಣವೂ ಅದೇ.

"ಮಷೀನ್ ಇಲ್ದೆ ಈ ಕಂಬ ಮಾಡಾಕೆ ಆಗಲ್ಲ"

ಬೇಲೂರು, ಹಳೇಬೀಡಿನ ಗೋಡೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹರಿಹರಕ್ಕೆ ಬಂದವರಿಗೆ ಮೊದಲು ನಿರಾಸೆಯಾಗುತ್ತದೆ. ಹೊಯ್ಸಳರ ಗುಡಿಯೆಂದರೆ ನಕ್ಷತ್ರಾಕಾರ, ಗೋಡೆ ತುಂಬ ಮೂರ್ತಿ ಎಂಬುದೂ ಒಂದು ಪೂರ್ವಗ್ರಹವೇ. ಇಲ್ಲಿರುವುದು ಮಡಿಕೆ ಮಡಿಕೆಯಾಗಿ ಹೊರಚಾಚಿದ ಚೌಕಾಕಾರದ ತೆರೆದ ಮಂಟಪ. ಅಂಚಿನ ಕಿರುಗೋಡೆಯ ಮೇಲೆ ಗಿಡ್ಡ ಕಂಬಗಳು, ಒಳಗೆ ಪೂರ್ತಿ ಎತ್ತರದ ಕಂಬಗಳು. ಹರಿಹರದ ನಿಜವಾದ ಐಶ್ವರ್ಯ ಆ ಕಂಬಗಳೇ.

ಅವು ಉರುಟಾಗಿ, ಹೊಳಪಾಗಿ, ಬಳೆಬಳೆಯಾಗಿ ಇವೆ. ಹಾಗಾಗಿ 'ಮಷೀನ್' ಎಂಬ ಅನುಮಾನ ಬೇರೆಲ್ಲೂ ಹುಟ್ಟದಿದ್ದರೂ ಹರಿಹರದಲ್ಲಿ ಹುಟ್ಟಲೇಬೇಕು. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ದಶಕಗಳ ಕಾಲ ಈ ಊರಿನಿಂದ ದೇಶಕ್ಕೆಲ್ಲ ಲೇತ್ ಕಳಿಸಿತು. ಯಂತ್ರಾಪುರ ಎಂಬ ಬಡಾವಣೆಯ ಹೆಸರು ಇಂದಿಗೂ ಉಳಿದಿದೆ. ಆ ಕಾರ್ಖಾನೆಯಲ್ಲಿ ದುಡಿದ ಹಿರಿಯ ಟರ್ನರ್ ಒಬ್ಬರನ್ನು ಮಂಟಪಕ್ಕೆ ಕರೆದೊಯ್ದರೆ ಅರ್ಧ ಉತ್ತರ ಅವರೇ ಹೇಳಿಯಾರು: ಲೇತ್ ಅಂದರೆ ಕರೆಂಟಲ್ಲ, ಮೋಟಾರಲ್ಲ. ಕೆಲಸದ ತುಂಡು ತಿರುಗಬೇಕು, ಉಳಿ ನಿಂತಲ್ಲೇ ನಿಲ್ಲಬೇಕು, ಅಷ್ಟೇ ತತ್ವ.

ಕಂಬಗಳು ತಿರುಗಣಿಯಲ್ಲಿ ಕಡೆದವು ಎಂಬುದರಲ್ಲಿ ಅನುಮಾನವಿಲ್ಲ. ಉರುಟು ಭಾಗಗಳ ಮೇಲೆ ಒಂದೇ ಕೇಂದ್ರದ ಸುತ್ತ ಓಡುವ ಸಣ್ಣ ಗೆರೆಗಳೇ ಸಾಕ್ಷಿ. ಕಂಬದ ಬುಡ ಚೌಕವಾಗಿಯೇ ಉಳಿದಿರುವುದನ್ನೂ ಗಮನಿಸಿ: ಮೊದಲು ಉಳಿ ಸುತ್ತಿಗೆಯಲ್ಲಿ ಒರಟಾಗಿ ಆಕಾರ ತೆಗೆದು, ಆಮೇಲೆ ಬೇಕಾದ ಭಾಗವನ್ನಷ್ಟೇ ತಿರುಗಿಸಿ ಕಡೆದಿದ್ದಾರೆ. ಮೇಲಿನ ಬೋದಿಗೆ ಬೇರೆಯೇ ಕಲ್ಲು. ಕಲ್ಲನ್ನು ಮಲಗಿಸಿ ತಿರುಗಿಸಿದರೋ ನಿಲ್ಲಿಸಿ ತಿರುಗಿಸಿದರೋ ಎಂಬ ಬಗ್ಗೆ ವಿದ್ವಾಂಸರ ನಡುವೆ ಒಮ್ಮತವಿಲ್ಲ. ತಿರುಗಿಸಿದ್ದು ಮನುಷ್ಯರ ತೋಳು ಎಂಬುದರಲ್ಲಿ ತಕರಾರಿಲ್ಲ. ಬಳಪದ ಕಲ್ಲಲ್ಲದೆ ಗ್ರಾನೈಟ್ ಆಗಿದ್ದರೆ ಹೀಗೆ ಕಡೆಯುವುದು ಇಷ್ಟು ಸುಲಭವಾಗುತ್ತಿರಲಿಲ್ಲ. ತಿರುಗಣಿ ಕಂಬ ಕಲ್ಯಾಣ ಚಾಲುಕ್ಯರ ಕಾಲದಲ್ಲೇ ಹೆಚ್ಚಲು ಕಾರಣವೂ ಮರಳುಗಲ್ಲು ಬಿಟ್ಟು ಅವರು ಈ ಕಲ್ಲಿಗೆ ಬಂದದ್ದೇ.

"ಇಂಕಾ ಅಂದ್ರೆ ಬಂಗಾರ"

ಅದು ಸ್ಪೇನಿನವರ ಕಣ್ಣು. ಅವರು ಅರಸ ಅಟವಾಲ್ಪನ ಬಿಡುಗಡೆಯ ನೆಪದಲ್ಲಿ ಕೋಣೆ ತುಂಬ ಬಂಗಾರ ಸುರಿಸಿಕೊಂಡು, ಮೂರ್ತಿ ಪಾತ್ರೆ ಎಲ್ಲವನ್ನೂ ಕರಗಿಸಿ ಗಟ್ಟಿ ಮಾಡಿದರು. ಇಂಕಾಗಳು ಬಂಗಾರಕ್ಕಿಂತ ಮೇಲಿಟ್ಟಿದ್ದು ಕುಂಬಿ ಎಂಬ ನಯವಾದ ನೇಯ್ಗೆಯನ್ನು. ಅರಸ ಯಾರಿಗಾದರೂ ಮರ್ಯಾದೆ ಮಾಡಬೇಕಾದರೆ ಬಟ್ಟೆ ಕೊಡುತ್ತಿದ್ದ. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ದಾವಣಗೆರೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

"ಎಲ್ಲಾ ಜಕಣಾಚಾರಿ ಕೆತ್ತಿದ್ದು"

1964ರಲ್ಲಿ ಬಿ.ಎಸ್. ರಂಗಾ ಅವರ 'ಅಮರಶಿಲ್ಪಿ ಜಕಣಾಚಾರಿ' ಬಂತು. ಕನ್ನಡದ ಮೊದಲ ವರ್ಣಚಿತ್ರ ಅದು. ಅದಾದ ಮೇಲೆ ಕರ್ನಾಟಕದ ಕೆತ್ತಿದ ಕಲ್ಲೆಲ್ಲ ಒಬ್ಬನ ಪಾಲಾಯಿತು. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ 1117ರಲ್ಲಿ, ಹರಿಹರದ ಗುಡಿ ಅದಕ್ಕಿಂತ ನೂರು ವರ್ಷ ಈಚೆಗೆ. ಎರಡಕ್ಕೂ ಒಬ್ಬನೇ ಶಿಲ್ಪಿಯಾಗಬೇಕಾದರೆ ಅವನಿಗೂ ಗುಹಾಸುರನಂತೆ ಬ್ರಹ್ಮನ ವರ ಬೇಕಾದೀತು. ಹೊಯ್ಸಳರ ಶಿಲ್ಪಿಗಳು ನಾಚಿಕೆಯಿಲ್ಲದೆ ಸಹಿ ಮಾಡಿದವರು: ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಅಮೃತಾಪುರದಿಂದ ಸೋಮನಾಥಪುರದವರೆಗೆ ಹಲವು ಗುಡಿಗಳಲ್ಲಿ ರೂವಾರಿ ಮಲ್ಲಿತಮ್ಮ. ಓದಬಲ್ಲ ಹೆಸರುಗಳನ್ನು ಬಿಟ್ಟು ದಂತಕಥೆಯ ಹೆಸರನ್ನೇ ಹಿಡಿದಿದ್ದೇವೆ.

ಪೆರುವಿನ ಜನರಿಗೆ ಬರವಣಿಗೆ ಇರಲಿಲ್ಲ, ಆದರೂ ನೆನಪಿತ್ತು. ಕುಸ್ಕೊ ಮೇಲಿನ ಸಾಕ್ಸಾವಾಮನ್ ಕೋಟೆಯ ಕೆಲಸಕ್ಕೆ ಒಬ್ಬರಾದ ಮೇಲೆ ಒಬ್ಬರಂತೆ ನಾಲ್ವರು ಮೇಸ್ತ್ರಿಗಳಿದ್ದರೆಂದು ಇಂಕಾ ತಾಯಿಯ ಮಗ ಗಾರ್ಸಿಲಾಸೊ 1609ರಲ್ಲಿ ಹೆಸರು ಹಿಡಿದು ಬರೆದ: ವಾಲ್ಪಾ ರಿಮಾಚಿ, ಮಾರಿಕಾಂಚಿ, ಅಕಾವಾನಾ, ಕಾಲ್ಯಾ ಕುಂಚುಯ್. ಅದೇ ಕೋಟೆಯ ಕೆಲಸದ ಬಗ್ಗೆ ಸ್ಪೇನಿನ ಸಿಯೆಸಾ ದೆ ಲಿಯೊನ್ ಅಲ್ಲಿಯವರನ್ನೇ ಕೇಳಿ ಬರೆದಿಟ್ಟ ಲೆಕ್ಕವೂ ಇದೆ. ಪಾಳಿಯ ಮೇಲೆ ಬರುತ್ತಿದ್ದ ಆಳುಗಳು ಒಟ್ಟು 20,000. ಅವರಲ್ಲಿ ಕಲ್ಲು ಎಬ್ಬಿಸಿ ಕಡಿಯಲು 4,000 ಜನ, ತೊಗಲು ಮತ್ತು ನಾರಿನ ಮಿಣಿ ಕಟ್ಟಿ ಎಳೆಯಲು 6,000 ಜನ, ಮಿಕ್ಕವರು ಅಡಿಪಾಯ ತೋಡಲು, ತೊಲೆ ಕಡಿಯಲು.