ಕೆನಡಾ, ಆಸ್ಟ್ರೇಲಿಯಾ ಪಿಆರ್: ಪಾಯಿಂಟ್ ಎಲ್ಲಿ ಸಿಗ್ತಾವ, ಎಲ್ಲಿ ಹೋಗ್ತಾವ?

ವಿಜಯಪುರ: "ಹುಡುಗಗ ಪಾಯಿಂಟ್ ಎಷ್ಟ್ ಆಗ್ಯಾವ?" ಈಗ ಹೆಣ್ಣು ಕೊಡುವವರು ಕೂಡ ಕೇಳುವ ಪ್ರಶ್ನೆ ಇದು. ಹೊರದೇಶ ಅಂದ್ರೆ ಈ ಭಾಗದವರಿಗೆ ಮೊದಲು ನೆನಪಾಗುತ್ತಿದ್ದುದು ಗಲ್ಫ್. ಅಲ್ಲಿ ಕೆಲಸದ ಕರಾರು ಮುಗಿದರೆ ವೀಸಾ ಮುಗೀತು, ಊರಿಗೆ ವಾಪಸ್. ಕೆನಡಾ, ಆಸ್ಟ್ರೇಲಿಯಾದ ಲೆಕ್ಕ ಬೇರೆ. ಅಲ್ಲಿ ಪಿಆರ್, ಅಂದರೆ ಕಾಯಂ ವಾಸದ ಹಕ್ಕು ಸಿಕ್ಕರೆ ಪೌರತ್ವ ಇಲ್ಲದಿದ್ದರೂ ಕುಟುಂಬ ಸಮೇತ ಉಳಿಯಬಹುದು, ಕೆಲಸ ಬದಲಿಸಬಹುದು, ಸ್ವಂತ ವ್ಯಾಪಾರ ಮಾಡಬಹುದು. ಆ ಹಕ್ಕನ್ನು ಕೊಡೋದು ಪಾಯಿಂಟ್ ಎಣಿಸಿ.

ಈ ಎಣಿಕೆ ಗುಟ್ಟಿನ ವಿದ್ಯೆಯೇನೂ ಅಲ್ಲ. ಯಾವುದಕ್ಕೆ ಎಷ್ಟು ಅಂತ ಆಯಾ ಸರ್ಕಾರಗಳೇ ಬಹಿರಂಗವಾಗಿ ಪ್ರಕಟಿಸಿವೆ. ಆದರೂ "ನಾವು ಪಾಯಿಂಟ್ ಮಾಡಿಸಿ ಕೊಡ್ತೀವಿ" ಅನ್ನುವವರಿಗೆ ಲಕ್ಷಗಟ್ಟಲೆ ಕೊಡಲು ತಯಾರಾಗುವ ಮನೆಗಳಿವೆ. ತೋಟದ ಮೇಲೆ ಸಾಲ ತೆಗೆಯುವ ಮೊದಲು ಮನೆಯಲ್ಲೇ ಕೂತು ಒಮ್ಮೆ ಲೆಕ್ಕ ಹಾಕೋದು ಒಳ್ಳೇದು.

ಈ ಪದ್ಧತಿಯನ್ನು ಮೊದಲು ತಂದದ್ದು ಕೆನಡಾ, 1967ರಲ್ಲಿ. ಅದಕ್ಕೂ ಮೊದಲು ಅರ್ಜಿದಾರ ಯಾವ ದೇಶದವನು, ಯಾವ ಬಣ್ಣದವನು ಅನ್ನೋದೇ ದೊಡ್ಡ ವಿಷಯವಾಗಿತ್ತು. ಭಾರತೀಯರಿಗೆ ಬಾಗಿಲು ಬಹುತೇಕ ಮುಚ್ಚಿತ್ತು. ಆಸ್ಟ್ರೇಲಿಯಾ 1979ರಲ್ಲಿ ಇದೇ ದಾರಿ ಹಿಡಿಯಿತು. ಅಮೆರಿಕದಲ್ಲಿ ಗ್ರೀನ್ ಕಾರ್ಡ್‌ಗೆ ಪಾಯಿಂಟ್ ಪದ್ಧತಿ ಇಲ್ಲ. ಜರ್ಮನಿ 2024ರ ಜೂನ್‌ನಿಂದ 6 ಪಾಯಿಂಟ್‌ನ 'ಅವಕಾಶ ಕಾರ್ಡ್' ಕೊಡುತ್ತಿದೆ. ಆದರೆ ಅದು ಅಲ್ಲಿಗೆ ಹೋಗಿ ಕೆಲಸ ಹುಡುಕಲು ಮಾತ್ರ, ಪಿಆರ್ ಅಲ್ಲ. ಇದನ್ನೇ ಪಿಆರ್ ಅಂತ ಹೇಳಿ ಯಾರಾದರೂ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬರಬಹುದು.

ಪಾಸ್ ಆಗೋದು ಬೇರೆ, ಸೀಟ್ ಸಿಗೋದು ಬೇರೆ

ಕೆನಡಾದಲ್ಲಿ ಎರಡು ಜರಡಿಗಳಿವೆ. ಜನ ಮೋಸ ಹೋಗೋದು ಇವೆರಡನ್ನು ಒಂದೇ ಅಂದುಕೊಂಡಾಗ.

ಹೊರದೇಶದಿಂದ ಹೊಸದಾಗಿ ಅರ್ಜಿ ಹಾಕುವ ನುರಿತ ಕೆಲಸಗಾರರಿಗೆ ಮೊದಲ ಜರಡಿ 100 ಪಾಯಿಂಟ್‌ನದು. ಅದರಲ್ಲಿ ಕನಿಷ್ಠ 67 ಬೇಕು. ಇದು ಎಸ್ಸೆಸ್ಸೆಲ್ಸಿ ಪಾಸ್ ಆದ ಹಾಗೆ, ಮುಂದಿನ ಸಾಲಿನಲ್ಲಿ ನಿಲ್ಲುವ ಯೋಗ್ಯತೆ ಅಷ್ಟೇ. ಎರಡನೆಯದು 2015ರ ಜನವರಿಯಲ್ಲಿ ಶುರುವಾದ ಎಕ್ಸ್‌ಪ್ರೆಸ್ ಎಂಟ್ರಿ. ಇಲ್ಲಿ 1200ಕ್ಕೆ ಪಾಯಿಂಟ್ ಕೊಟ್ಟು ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತಾರೆ, ಆಗಾಗ ಸುತ್ತು ನಡೆಸಿ ಮೇಲಿನವರನ್ನು ಕರೆಯುತ್ತಾರೆ. ಸಿಇಟಿ ರ‍್ಯಾಂಕ್ ಇದ್ದ ಹಾಗೆ. ನಿಮಗೆ ಎಷ್ಟು ಬಂತು ಅನ್ನೋದಕ್ಕಿಂತ ಉಳಿದವರಿಗೆ ಎಷ್ಟು ಬಂತು ಅನ್ನೋದು ಮುಖ್ಯ. ಒಣದ್ರಾಕ್ಷಿ ಹರಾಜು ಕಂಡ ಟಿಕೋಟಾ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಾಲು ಅದೇ ಇರುತ್ತದೆ, ಆ ದಿನ ಬಂದ ಬೇರೆಯವರ ಮಾಲು ನೋಡಿ ದರ ನಿಲ್ಲುತ್ತದೆ.

ಒಂದು ಉದಾಹರಣೆ ನೋಡಿ. ವಯಸ್ಸು 29, ಮದುವೆ ಆಗಿಲ್ಲ, ಬಿಇ ಮುಗಿಸಿ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ 3 ವರ್ಷ ಕೆಲಸ. ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಯಲ್ಲಿ ಕೇಳುವುದಕ್ಕೆ 8, ಓದು, ಬರಹ, ಮಾತಿಗೆ ತಲಾ 7 ಬಂದಿದೆ. ಮೊದಲ ಜರಡಿಯಲ್ಲಿ ಓದಿಗೆ 21, ಭಾಷೆಗೆ 24, ಅನುಭವಕ್ಕೆ 11, ವಯಸ್ಸಿಗೆ 12. ಒಟ್ಟು 68. ಕೂದಲೆಳೆ ಅಂತರದಲ್ಲಿ ಪಾಸ್. ಇದೇ ಹುಡುಗನಿಗೆ ಐಇಎಲ್‌ಟಿಎಸ್‌ನಲ್ಲಿ ನಾಲ್ಕಕ್ಕೂ ಬರೀ 6 ಬಂದರೆ ಭಾಷೆಯ ಪಾಯಿಂಟ್ 16ಕ್ಕೆ ಇಳಿದು ಒಟ್ಟು 60 ಆಗುತ್ತದೆ. ಬೇರೆ ಪಾಯಿಂಟ್ ಇಲ್ಲದಿದ್ದರೆ ಈ ದಾರಿಯಲ್ಲಿ ಸಾಲಿಗೇ ಸೇರಿಸಲ್ಲ.

ಪಾಸ್ ಆದ ಹುಡುಗನ ಎರಡನೇ ಲೆಕ್ಕ: ವಯಸ್ಸಿಗೆ 110, ಪದವಿಗೆ 120, ಇಂಗ್ಲಿಷ್‌ಗೆ 124. ಪದವಿ ಮತ್ತು ಒಳ್ಳೆ ಇಂಗ್ಲಿಷ್ ಎರಡೂ ಇರೋದಕ್ಕೆ 25, ಅನುಭವ ಮತ್ತು ಇಂಗ್ಲಿಷ್ ಎರಡೂ ಇರೋದಕ್ಕೆ 50. ಒಟ್ಟು 429.

ಇದು ಒಳ್ಳೆ ಅಂಕವೇ. ಆದರೆ ಸಾಕಾಗುತ್ತಾ? 2025ರಲ್ಲಿ, ಕೆನಡಾದಲ್ಲೇ ಕೆಲಸ ಮಾಡಿದ ಅನುಭವ ಇದ್ದವರಿಗಾಗಿ ನಡೆದ ಸುತ್ತುಗಳ ಕಟ್‌ಆಫ್ 510ಕ್ಕಿಂತ ಮೇಲೆಯೇ ಇತ್ತು. ನರ್ಸಿಂಗ್ ಸೇರಿದಂತೆ ಆರೋಗ್ಯ ಕ್ಷೇತ್ರದವರ ಸುತ್ತು ಅದೇ ವರ್ಷ ಆಗಸ್ಟ್‌ನಲ್ಲಿ 470ಕ್ಕೆ ನಿಂತಿತು. ಫ್ರೆಂಚ್ ಬಲ್ಲವರ ಸುತ್ತು ಮಾರ್ಚ್‌ನಲ್ಲಿ 379ಕ್ಕೆ ಇಳಿದಿತ್ತು. ಅಂದರೆ 2023ರಿಂದ ಕೆನಡಾ ಬರೀ ಒಟ್ಟು ಅಂಕ ನೋಡದೆ, ತನಗೆ ಯಾರು ಬೇಕೋ ಅವರಿಗೆ ಬೇರೆ ಸಾಲು ಮಾಡಿ ಕರೆಯುತ್ತಿದೆ. 429 ಬಂದ ಸಾಫ್ಟ್‌ವೇರ್ ಹುಡುಗ ಹೊರಗೆ ನಿಂತಾಗ, 379 ಬಂದ ಫ್ರೆಂಚ್ ಬಲ್ಲವನು ಒಳಗೆ ಹೋದ.

ಅಂಕ ಒಮ್ಮೆಲೇ ಏರಿಸುವ ದಾರಿ ಒಂದಿದೆ. ಕೆನಡಾದ ಯಾವುದಾದರೂ ಪ್ರಾಂತ್ಯ "ಇವರು ನಮಗೆ ಬೇಕು" ಅಂತ ಹೆಸರು ಸೂಚಿಸಿದರೆ 600 ಪಾಯಿಂಟ್ ಸೇರುತ್ತದೆ, 429 ಇದ್ದದ್ದು 1029 ಆಗುತ್ತದೆ. ಇನ್ನೊಂದು ದಾರಿ ಮುಚ್ಚಿದೆ. ಕೆನಡಾದ ಕಂಪನಿಯಿಂದ ಕೆಲಸದ ಪತ್ರ ಇದ್ದರೆ ಮೊದಲು 50, ದೊಡ್ಡ ಹುದ್ದೆಯಾದರೆ 200 ಪಾಯಿಂಟ್ ಸಿಗುತ್ತಿತ್ತು. ಆ ಪತ್ರಗಳನ್ನೇ ಮಾರುವ ದಂಧೆ ಬೆಳೆದದ್ದರಿಂದ 2025ರ ಮಾರ್ಚ್ 25ರಿಂದ ಅದನ್ನು ತೆಗೆದುಹಾಕಿದ್ದಾರೆ. ಇಂದಿಗೂ "ಆಫರ್ ಲೆಟರ್ ತಗೊಳ್ರಿ, ಪಾಯಿಂಟ್ ಏರ್ತಾವ" ಅನ್ನುವವರು ಸತ್ತ ಎಮ್ಮೆಗೆ ಹಾಲಿನ ದರ ಹೇಳಿದಂಗ.

ವಯಸ್ಸು ಕಾಯೋದಿಲ್ಲ

ಮದುವೆಯಾಗದ ಅರ್ಜಿದಾರರಿಗೆ 20ರಿಂದ 29ರವರೆಗೆ ಪೂರ್ತಿ 110 ಪಾಯಿಂಟ್. 30 ತುಂಬಿದ ದಿನ 105. ಆಮೇಲೆ ಪ್ರತಿ ಹುಟ್ಟುಹಬ್ಬಕ್ಕೆ ಐದೋ ಆರೋ ಕಡಿತ: 35ಕ್ಕೆ 77, 40ಕ್ಕೆ 50. ಅಲ್ಲಿಂದ ಇಳಿಜಾರು ಇನ್ನೂ ಜೋರು, 45ಕ್ಕೆ ಸೊನ್ನೆ. ಅನುಭವ ಹೆಚ್ಚಾದರೆ ಇದು ಸರಿದೂಗುತ್ತೆ ಅಂತ ಅನೇಕರು ನಂಬಿದ್ದಾರೆ. ಸರಿದೂಗೋದಿಲ್ಲ. ಈ ಎರಡನೇ ಲೆಕ್ಕದಲ್ಲಿ ಭಾರತದ ಅನುಭವ 3 ವರ್ಷವೂ ಒಂದೇ, 10 ವರ್ಷವೂ ಒಂದೇ.

ಆದ್ದರಿಂದ "ಮುಂದಿನ ವರ್ಷ ನೋಡೋಣು" ಅನ್ನೋದಕ್ಕೆ ಬೆಲೆ ಇದೆ. ಇಂಗ್ಲಿಷ್ ಪರೀಕ್ಷೆಯಲ್ಲಿ ಅರ್ಧ ಅಂಕ ಏರಿಸಿಕೊಳ್ಳಲು ಮೂರು ತಿಂಗಳು ಕೂತು ಓದಿದರೆ ಸಿಗುವ ಲಾಭ, ಯಾವ ಏಜೆಂಟ್‌ನ 'ಪ್ರೀಮಿಯಂ ಪ್ಯಾಕೇಜ್'ನಲ್ಲೂ ಇಲ್ಲ.

ಮದುವೆಯಾದವರು ಇನ್ನೊಂದು ಗಮನಿಸಬೇಕು. ಗಂಡನೇ ಮುಖ್ಯ ಅರ್ಜಿದಾರ ಆಗಬೇಕು ಅಂತ ಎಲ್ಲಿಯೂ ಇಲ್ಲ. ಹೆಂಡತಿ ವಯಸ್ಸಿನಲ್ಲಿ ಚಿಕ್ಕವಳು, ನರ್ಸಿಂಗ್ ಅಥವಾ ಎಂಎಸ್‌ಸಿ ಮುಗಿಸಿ ಕೆಲಸ ಮಾಡಿದವಳು ಆಗಿದ್ದರೆ ಅವಳ ಹೆಸರಲ್ಲಿ ಹಾಕಿದಾಗಲೇ ಪಾಯಿಂಟ್ ಜಾಸ್ತಿ ಬರಬಹುದು. ಎರಡೂ ರೀತಿ ಲೆಕ್ಕ ಹಾಕಿ ನೋಡಬೇಕು.

ಅಂಗಡಿ ನಡೆಸಿದ ಅನುಭವ ನಡೆಯುತ್ತಾ?

ನಡೆಯುತ್ತದೆ, ಆದರೆ ಮಾಲೀಕನಿಗೆ ಮಾತ್ರ. ಕೆನಡಾ ಎಲ್ಲ ಕೆಲಸಗಳನ್ನು 0ಯಿಂದ 5ರವರೆಗೆ ದರ್ಜೆ ಮಾಡಿದೆ. ಎಕ್ಸ್‌ಪ್ರೆಸ್ ಎಂಟ್ರಿಗೆ 0ಯಿಂದ 3ರವರೆಗಿನ ಕೆಲಸಗಳು ಮಾತ್ರ ನಡೆಯುತ್ತವೆ. ಚಿಲ್ಲರೆ ವ್ಯಾಪಾರ ನಡೆಸುವ ಮಾಲೀಕ, ಮ್ಯಾನೇಜರ್ 0 ದರ್ಜೆಯಲ್ಲಿ ಬರುತ್ತಾರೆ. ಕೌಂಟರ್‌ನಲ್ಲಿ ನಿಂತು ಬಟ್ಟೆ ತೋರಿಸುವ ಸೇಲ್ಸ್‌ಮನ್ 4ರಲ್ಲಿ, ಅಂದರೆ ಹೊರಗೆ. ಲಾರಿ ಚಾಲಕ 3ರಲ್ಲಿ, ಎಲೆಕ್ಟ್ರಿಷಿಯನ್, ಬಡಿಗ 2ರಲ್ಲಿ ಇದ್ದಾರೆ. ಇಷ್ಟು ವರ್ಷ ದುಡಿದ ಸೇಲ್ಸ್‌ಮನ್‌ಗೆ ಈ ದರ್ಜೆ ಅನ್ಯಾಯ ಅನ್ನಿಸಿದರೆ ತಪ್ಪಿಲ್ಲ.

ಎಲ್‌ಬಿಎಸ್ ಮಾರ್ಕೆಟ್‌ನಲ್ಲಿ ಅಂಗಡಿ ಇದೆ ಅಂದ ಮಾತ್ರಕ್ಕೆ ಪಾಯಿಂಟ್ ಬರಲ್ಲ. "ನಾನು ಇಂಥ ಕೆಲಸ ಮಾಡ್ತಿದ್ದೆ" ಅಂತ ತಾನೇ ಬರೆದುಕೊಟ್ಟ ಪತ್ರವನ್ನು ಅವರು ಒಪ್ಪುವುದಿಲ್ಲ. ವ್ಯಾಪಾರ ತನ್ನದೇ ಅನ್ನೋದಕ್ಕೆ ದಾಖಲೆ, ಅದರಿಂದ ಆದಾಯ ಬಂದದ್ದಕ್ಕೆ ದಾಖಲೆ, ವ್ಯವಹಾರ ಮಾಡಿದ ಬೇರೆಯವರಿಂದ ಹಣದ ವಿವರ ಇರುವ ಪತ್ರ ಬೇಕು. ನಮ್ಮಲ್ಲಿ ಅದಕ್ಕೆ ಅರ್ಥ ಜಿಎಸ್‌ಟಿ ನೋಂದಣಿ ಮತ್ತು ರಿಟರ್ನ್ಸ್, ಆದಾಯ ತೆರಿಗೆ ರಿಟರ್ನ್ಸ್, ಪಾಲಿಕೆಯ ಟ್ರೇಡ್ ಲೈಸೆನ್ಸ್, ಬ್ಯಾಂಕ್ ಸ್ಟೇಟ್‌ಮೆಂಟ್. ಬಿಲ್ ಇಲ್ಲದೆ, ಚೀಟಿ ಮೇಲೆ ನಡೆದ ಹತ್ತು ವರ್ಷದ ವ್ಯಾಪಾರ ಆ ಕಚೇರಿಯ ಕಣ್ಣಿಗೆ ನಡೆದೇ ಇಲ್ಲ.

ಇನ್ನೂ ಕಷ್ಟ ಇರೋದು ಮಗನಿಗೆ. ಬಿಕಾಂ ಮುಗಿಸಿ ಅಪ್ಪನ ಅಂಗಡಿಯ ಗಲ್ಲಾ ಮೇಲೆ ಐದು ವರ್ಷ ಕೂತಿದ್ದಾನೆ, ಲೈಸೆನ್ಸ್ ಅಪ್ಪನ ಹೆಸರಲ್ಲಿ, ಮಗನಿಗೆ ಪಗಾರ ಇಲ್ಲ. ಸಂಬಳ ಇಲ್ಲದ ಕೆಲಸಕ್ಕೆ ಪಾಯಿಂಟ್ ಇಲ್ಲ. ಮುಂದೆ ಈ ಯೋಚನೆ ಇದ್ದ ಮನೆಗಳು ಮಗನನ್ನು ಕಾಗದದ ಮೇಲೆ ಪಾಲುದಾರನನ್ನಾಗಿ ಮಾಡುವುದೋ, ಬ್ಯಾಂಕ್ ಮೂಲಕ ನಿಜವಾದ ಸಂಬಳ ಕೊಡುವುದೋ ಈಗಲೇ ನಿರ್ಧರಿಸಬೇಕು. ಹಿಂದಿನ ತಾರೀಖು ಹಾಕಿ ಪತ್ರ ಸೃಷ್ಟಿಸುವುದು ಬೇಡವೇ ಬೇಡ. ಸುಳ್ಳು ದಾಖಲೆ ಸಿಕ್ಕಿಬಿದ್ದರೆ ಕೆನಡಾ 5 ವರ್ಷ ಬಾಗಿಲು ಹಾಕುತ್ತದೆ.

ಓದಿನ ವಿಷಯದಲ್ಲಿ ಸಮಾಧಾನದ ಸಂಗತಿ, 3 ವರ್ಷದ ಪದವಿಗೂ ಅದೇ 120 ಪಾಯಿಂಟ್ ಇದೆ. ಆದರೆ ಅಂಕಪಟ್ಟಿಯನ್ನು ಕೆನಡಾ ಮಾನ್ಯ ಮಾಡಿದ ಸಂಸ್ಥೆಯಿಂದ ಅಳೆಸಬೇಕು, ಅದಕ್ಕೆ ವಿಶ್ವವಿದ್ಯಾಲಯದ ಟ್ರಾನ್ಸ್‌ಕ್ರಿಪ್ಟ್ ಬೇಕು. ವಿಜಯಪುರದ ಪದವಿ ಕಾಲೇಜಿನವರಾದರೆ 2010ಕ್ಕೂ ಮೊದಲಿನ ಹಳೇ ಬ್ಯಾಚ್‌ಗಳಿಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ನಂತರದವರಿಗೆ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ, ಎಂಜಿನಿಯರ್‌ಗಳಿಗೆ ವಿಟಿಯು. ಮಹಿಳಾ ವಿಶ್ವವಿದ್ಯಾಲಯದವರಿಗೆ ತೊರವಿ ಹತ್ತಿರವೇ ಇದೆ. ನಮ್ಮ ಕಡೆಯ ಪದವಿಗೆ ಅಲ್ಲಿ ಕಿಮ್ಮತ್ತಿದೆಯಾ ಅಂತ ಸಂಶಯ ಇದ್ದವರಿಗೆ, 2022ರ ಮೇ ತಿಂಗಳಲ್ಲಿ ಕೆನಡಾ ಸಂಸತ್ತಿನಲ್ಲಿ ಕನ್ನಡದಲ್ಲಿ ಮಾತಾಡಿದ ಚಂದ್ರ ಆರ್ಯ ಎಂಬಿಎ ಓದಿದ್ದು ಧಾರವಾಡದಲ್ಲೇ.

ಕನ್ನಡಕ್ಕೂ 5 ಪಾಯಿಂಟ್

ಆಸ್ಟ್ರೇಲಿಯಾದ ಲೆಕ್ಕ ಚಿಕ್ಕದು, ಕನಿಷ್ಠ 65. ಇಲ್ಲಿಯೂ ಅದು ಪಾಸ್ ಅಂಕ ಮಾತ್ರ, ಕರೆ ಬರೋದು ಅದಕ್ಕಿಂತ ಮೇಲಿನವರಿಗೆ. ವಯಸ್ಸು 25ರಿಂದ 32 ಇದ್ದರೆ 30 ಪಾಯಿಂಟ್, 33ರಿಂದ 39ಕ್ಕೆ 25, 40ರಿಂದ 44ಕ್ಕೆ 15. ಪದವಿಗೆ 15. ಅತ್ಯುತ್ತಮ ಇಂಗ್ಲಿಷ್‌ಗೆ 20, ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ 10, ಸಾಧಾರಣಕ್ಕೆ ಸೊನ್ನೆ. ಹೊರದೇಶದ ಅನುಭವ 3 ವರ್ಷಕ್ಕೆ 5, 5 ವರ್ಷಕ್ಕೆ 10, 8 ವರ್ಷಕ್ಕೆ 15. ಮದುವೆಯಾಗದವರಿಗೆ 10. ಮೇಲಿನ ಬಿಇ ಹುಡುಗನ ಇಂಗ್ಲಿಷ್ ಅತ್ಯುತ್ತಮ ಮಟ್ಟದ್ದು ಅಂದುಕೊಂಡರೆ ಅವನದು 80 ಆಗುತ್ತದೆ. ಆದರೆ ವೃತ್ತಿ ಪರಿಶೀಲಿಸುವ ಸಂಸ್ಥೆ ಆರಂಭದ ವರ್ಷಗಳನ್ನು ಕಲಿಕೆ ಅಂತ ಕಳೆದುಬಿಟ್ಟರೆ ಅನುಭವದ 5 ಹೋಗಿ 75ಕ್ಕೆ ಬರುತ್ತಾನೆ.

ಆ ಹೋದ 5 ವಾಪಸ್ ತರಲು ಕನ್ನಡ ಇದೆ. ಅಲ್ಲಿನ ಅನುವಾದಕರ ಮಾನ್ಯತಾ ಸಂಸ್ಥೆ ನಾಟಿ ನಡೆಸುವ ಸಮುದಾಯ ಭಾಷಾ ಪರೀಕ್ಷೆಯಲ್ಲಿ ಪಾಸಾದರೆ 5 ಪಾಯಿಂಟ್, ಆ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಸೇರಿದೆ. ಉರ್ದು, ಮರಾಠಿ, ಹಿಂದಿಯೂ ಇವೆ. ಆದರೆ ಮೂರು ಭಾಷೆ ಬಂದರೂ ಸಿಗೋದು ಒಮ್ಮೆ 5 ಅಷ್ಟೇ. ಇಂಗ್ಲಿಷ್ ಮಾತಾಡುವ ಒಬ್ಬರು, ಕನ್ನಡ ಮಾತಾಡುವ ಒಬ್ಬರು, ನಡುವೆ ಅಭ್ಯರ್ಥಿ. ಡಾಕ್ಟರ್ ಹೇಳಿದ್ದನ್ನು ಕನ್ನಡದಲ್ಲಿ, ರೋಗಿ ಹೇಳಿದ್ದನ್ನು ಇಂಗ್ಲಿಷ್‌ನಲ್ಲಿ ಹೇಳಬೇಕು. ಇಂಥ ಎರಡು ಸಂಭಾಷಣೆ, ಒಟ್ಟು 90 ಅಂಕ. ಪಾಸಾಗಲು 63 ಬೇಕು, ಎರಡರಲ್ಲೂ ಕನಿಷ್ಠ 29 ಇರಬೇಕು. "ಕನ್ನಡ ನಮಗ ಬರ್ತದಲ್ಲ" ಅಂತ ತಯಾರಿ ಇಲ್ಲದೆ ಕೂತರೆ ವಿಮೆ, ಬಾಡಿಗೆ ಕರಾರು, ಪಿಂಚಣಿ, ಜಾಮೀನು ಇಂಥ ಮಾತು ಬಂದಾಗ ನಾಲಿಗೆ ಇಂಗ್ಲಿಷ್‌ಗೇ ಓಡುತ್ತದೆ. ದಿನಾ ಕನ್ನಡ ಪೇಪರ್ ಓದುವವರಿಗೆ ಅಷ್ಟು ಕಷ್ಟ ಆಗಲಿಕ್ಕಿಲ್ಲ. ಕೆನಡಾದಲ್ಲಿ ಮಾತ್ರ ಕನ್ನಡಕ್ಕೆ ಪಾಯಿಂಟ್ ಇಲ್ಲ, ಅಲ್ಲಿ ಇಂಗ್ಲಿಷ್ ಮತ್ತು ಫ್ರೆಂಚ್ ಎರಡೇ.

ಖರ್ಚಿನ ಮಾತು. ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಹೆಸರು ದಾಖಲಿಸೋದು ಪುಕ್ಕಟೆ, ಆಸ್ಟ್ರೇಲಿಯಾದಲ್ಲಿ ಆಸಕ್ತಿ ಸಲ್ಲಿಸೋದೂ ಪುಕ್ಕಟೆ. ಪರೀಕ್ಷೆ ಮತ್ತು ದಾಖಲೆಗಳ ಖರ್ಚು ಬಿಟ್ಟರೆ ಸರ್ಕಾರದ ದೊಡ್ಡ ಶುಲ್ಕ ಕಟ್ಟೋದು ಕರೆ ಬಂದ ಮೇಲೆ. ಕೆನಡಾಕ್ಕೆ ಒಬ್ಬರೇ ಹೋಗುವವರ ಖಾತೆಯಲ್ಲಿ ಸುಮಾರು 15 ಸಾವಿರ ಕೆನಡಾ ಡಾಲರ್ ಸ್ವಂತ ಹಣ ತೋರಿಸಬೇಕಾಗುತ್ತದೆ, ಸಾಲದ ಹಣ ನಡೆಯಲ್ಲ. ಏಜೆಂಟ್ ಬೇಕೇ ಬೇಕು ಅನ್ನುವವರು ಅವರ ಲೈಸೆನ್ಸ್ ನಂಬರ್ ಕೇಳಬೇಕು. ಕೆನಡಾಕ್ಕಾದರೆ ಅಲ್ಲಿನ ವಲಸೆ ಸಲಹೆಗಾರರ ಕಾಲೇಜಿನ ಸದಸ್ಯತ್ವ ಅಥವಾ ವಕೀಲರ ನೋಂದಣಿ, ಆಸ್ಟ್ರೇಲಿಯಾಕ್ಕಾದರೆ ಮಾರಾ ನಂಬರ್. ಈ ಎರಡೂ ಪಟ್ಟಿಗಳಲ್ಲಿ ಹೆಸರು ಇದೆಯೋ ಇಲ್ಲವೋ ಅಂತ ಮೊಬೈಲ್‌ನಲ್ಲೇ, ಅವರ ಎದುರಿಗೇ ಕೂತು ನೋಡಬಹುದು.