ಕಾರಿಗೂ ಅಂಗ ಕಸಿ!

ಶುಕ್ರವಾರ ಶರ್ಕ್‌ನಿಂದ ಸಂಸಾರ ಸಮೇತ ವಫ್ರಾ ತೋಟಗಳತ್ತ ಹೊರಡುವವರು ನಮ್ಮಲ್ಲಿ ಅನೇಕರು. ಹಿಂದೆ ಮಕ್ಕಳು, ಡಿಕ್ಕಿಯಲ್ಲಿ ಬಿಸಿಬೇಳೆ ಬಾತು, ಮುಳ್ಳು 120ರಲ್ಲಿ! 60ಕ್ಕೆ ಹೋಲಿಸಿದರೆ ಆಗ ಬ್ರೇಕು ನುಂಗಬೇಕಾದ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಅದೆಲ್ಲ ಡಿಸ್ಕಿನಲ್ಲಿ ಶಾಖವಾಗುತ್ತದೆ.

ಇದಕ್ಕೆ ಕಾರುಪ್ರಿಯರು ಕಂಡುಕೊಂಡ ಉಪಾಯವೇ ಕಸಿ. 1996ರಿಂದ 2002ರವರೆಗಿನ ಟೊಯೊಟಾ ಫೋರ್‌ರನ್ನರಿಗೆ ಅದೇ ಮನೆತನದ ಟಂಡ್ರಾ ಪಿಕಪ್ಪಿನ ದೊಡ್ಡ ಡಿಸ್ಕು, ಕ್ಯಾಲಿಪರು ಜೋಡಿಸುವುದು ಇದರಲ್ಲಿ ಪ್ರಸಿದ್ಧ. ಡಿಸ್ಕಿನ ಹಿಂದಿನ ತಗಡನ್ನು ಕೊಂಚ ಕತ್ತರಿಸಬೇಕು, ರಿಮ್ಮಿನೊಳಗೆ ಜಾಗವಿರಬೇಕು, ಅಷ್ಟೆ.

ಆದರೆ ಅಂಗ ಕೂತ ಮಾತ್ರಕ್ಕೆ ಕಸಿ ಗೆದ್ದಂತಲ್ಲ, ದೇಹ ಒಪ್ಪಬೇಕು. ಕ್ಯಾಲಿಪರಿನ ಪಿಸ್ಟನ್ ದೊಡ್ಡದಾದರೆ ಮಾಸ್ಟರ್ ಸಿಲಿಂಡರ್ ಹೆಚ್ಚು ಎಣ್ಣೆ ತಳ್ಳಬೇಕು, ಪೆಡಲ್ ಆಳಕ್ಕಿಳಿಯುತ್ತದೆ. ಮುಂದಿನ ಚಕ್ರಗಳಿಗಷ್ಟೇ ಬಲ ಹೆಚ್ಚಿಸಿದರೆ ಹಿಂದುಮುಂದಿನ ಸಮತೋಲವೂ ಬದಲಾಗುತ್ತದೆ. ದೊಡ್ಡ ಡಿಸ್ಕಿನ ಲಾಭವೆಲ್ಲ ಶಾಖ ತಾಳುವುದರಲ್ಲಿ. ತುರ್ತಾಗಿ ಒಮ್ಮೆ ಬ್ರೇಕು ಒತ್ತಿದಾಗ ಕಾರು ಎಷ್ಟು ದೂರದಲ್ಲಿ ನಿಲ್ಲುತ್ತದೆಂಬುದು ಬಹುಮಟ್ಟಿಗೆ ಟೈರಿನ ಹಿಡಿತಕ್ಕೆ ಬಿಟ್ಟದ್ದು.

ನನ್ನನ್ನು ಕೇಳಿದರೆ, ಶುವೈಖ್‌ನಲ್ಲಿ ಹಳೆಯ ಕ್ಯಾಲಿಪರಿಗೆ ಚೌಕಾಸಿ ಮಾಡುವ ಮುನ್ನ ಬ್ರೇಕ್ ಎಣ್ಣೆ ಬದಲಾಯಿಸಿ. ಅದು ಗಾಳಿಯ ತೇವ ಹೀರುತ್ತದೆ (ಕಡಲ ಪಕ್ಕದ ಶರ್ಕ್‌ನ ಆಗಸ್ಟ್ ಗೊತ್ತಲ್ಲ!). ಹೊಸ ಡಾಟ್ 3 ಎಣ್ಣೆ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ್ದು 140ರ ಸುಮಾರಿಗೇ ಕುದಿಯಬಹುದು. ಕುದ್ದರೆ ಕೊಳವೆಯಲ್ಲಿ ಆವಿ, ರಕ್ತನಾಳಕ್ಕೆ ಗಾಳಿ ಹೊಕ್ಕಂತೆ! ಪೆಡಲ್ ನೆಲ ಮುಟ್ಟಿದರೂ ಒತ್ತಡ ಚಕ್ರಕ್ಕೆ ತಲುಪದು.

ಎಣ್ಣೆ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ. ಟೈರಿನ ಪಕ್ಕದ ನಾಲ್ಕಂಕಿಯನ್ನೂ ಓದಿ: 2319 ಎಂದಿದ್ದರೆ ಅದು ತಯಾರಾದದ್ದು 2019ರ 23ನೇ ವಾರದಲ್ಲಿ.