ಸಿಎಸ್‌ಆರ್ ದುಡ್ಡು ಕೇಳೋಕೆ ಮುಂಚೆ

ಊರಲ್ಲಿ ಟ್ರಸ್ಟ್ ಇದೆ, ಮಕ್ಕಳಿಗೆ ಲೈಬ್ರರಿ ನಡೆಸ್ತೀರಿ, ಕೈಯಲ್ಲಿ ಕಾಸಿಲ್ಲ. ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣ ಕೇಳಬಹುದಾ? ಧಾರಾಳವಾಗಿ.

2013ರ ಕಂಪನಿ ಕಾಯ್ದೆ, 135ನೇ ಸೆಕ್ಷನ್. ದೊಡ್ಡ ಕಂಪನಿಗಳು ಹಿಂದಿನ 3 ವರ್ಷಗಳ ಸರಾಸರಿ ಲಾಭದಲ್ಲಿ ಕನಿಷ್ಠ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು.

ಯಾರನ್ನ ಕೇಳೋದು? ರಾಷ್ಟ್ರೀಯ ಸಿಎಸ್‌ಆರ್ ಪೋರ್ಟಲ್ ತೆರೀರಿ. ಯಾವ ಕಂಪನಿ ಯಾವ ರಾಜ್ಯದಲ್ಲಿ, ಯಾವ ಕೆಲಸಕ್ಕೆ ಎಷ್ಟು ಕೊಟ್ಟಿದೆ, ಎಲ್ಲ ಅಲ್ಲಿದೆ. ಶಿಕ್ಷಣಕ್ಕೆ ಕೊಟ್ಟವರನ್ನ ಹುಡುಕಿ. ಕೆರೆ ಹೂಳೆತ್ತಿಸೋರ ಹತ್ರ ಪುಸ್ತಕ ಕೇಳಿದ್ರೆ ಕೆಲಸ ಆಗಲ್ಲ.

ಫೈಲಲ್ಲಿ ಏನಿರಬೇಕು? 12ಎ, 80ಜಿ ಅಂತ ಎಲ್ಲರ ಬಾಯಲ್ಲಿರೋ ತೆರಿಗೆ ನೋಂದಣಿ. 2021ರ ಏಪ್ರಿಲ್‌ನಿಂದ ಕಡ್ಡಾಯವಾದ ಸಿಎಸ್‌ಆರ್-1 ನೋಂದಣಿ ನಂಬರ್. ಅದೇ ಥರದ ಕೆಲಸದಲ್ಲಿ 3 ವರ್ಷದ ಅನುಭವ, ಜೊತೆಗೆ ಆಡಿಟ್ ಆದ ಲೆಕ್ಕ.

ಇನ್ನು ಅರ್ಜಿ. ‘ಮಕ್ಕಳ ಬಾಳು ಬೆಳಗಿಸ್ತೀವಿ’ ಅಂತ ಬರೀಬೇಡಿ. ಹೀಗೆ ಬರೀರಿ: 200 ಪುಸ್ತಕ, ಒಂದಕ್ಕೆ 120 ರೂಪಾಯಿ, ಒಟ್ಟು 24,000. ಕಬ್ಬಿಣದ ಕಪಾಟು ಎರಡು. ವಾರಕ್ಕೆ 5 ದಿನ, ಸಂಜೆ 4ರಿಂದ 6.

ಕೊಡೋರಿಗೆ ಕಣ್ಣೀರು ಬೇಡ, ಲೆಕ್ಕ ಬೇಕು. ನಿಮ್ಮ ಟ್ರಸ್ಟಿನ ಫೈಲ್ ಇವತ್ತೇ ಒಮ್ಮೆ ತೆಗೆದು ನೋಡಿ.